ನೀರಿನ ಒಗ್ಗರಣೆ

ಹೋದ ತಿಂಗಳು ಮಗಳು ನಮ್ಮ ತರೀಕೆರೆ ಮನೆಗೆ ಒಂದು ಯಂತ್ರ ತಂದಿಟ್ಟಳು. ಎಣ್ಣೆಯಿಲ್ಲದೆ ಕರಿಯುತ್ತದಂತೆ. ಎಂಬತ್ತು ದಾಟಿದ ಅವ್ವ ಅದರ ಸುತ್ತ ಒಂದು ಸುತ್ತು ಬಂದು, ಒಳಗೆ ಬಗ್ಗಿ ನೋಡಿ, ನನ್ನ ಕಡೆ ತಿರುಗಿದಳು.

"ಎಣ್ಣೆ ಇಲ್ದಂಗೆ ಅಡ್ಗೆ ಮಾಡಕ್ಕೆ ಮಿಷನ್ನು ಯಾಕ್ ಬೇಕಿತ್ತೇ ರತ್ನಿ? ನಾವು ಬರೀ ಸೌಟಲ್ಲೇ ಮಾಡ್ತಿರ್ಲಿಲ್ವಾ?"

ಮಗಳಿಗೆ ಅರ್ಥವಾಗಲಿಲ್ಲ. ನಾನು ನಕ್ಕು ಬಲಗೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡೆ. ಮಣಿಕಟ್ಟಿನ ಮೇಲೆ ಒಂದು ಹಳೆಯ ಕಲೆಯಿದೆ. ಕೇಳಿದವರಿಗೆಲ್ಲ ಒಲೆಯ ಹತ್ತಿರ ಸುಟ್ಟುಕೊಂಡದ್ದು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಕಡೂರಿನಲ್ಲಿ ರೈಲ್ವೆ ಗೇಟು ದಾಟಿದರೆ ಆಗ ಒಂದು ಕಡಲೆಕಾಯಿ ಎಣ್ಣೆ ಮಿಲ್ಲಿತ್ತು. ಅದರ ಕಾಂಪೌಂಡಿನ ಹಿಂದೆ ಕೆಲಸಗಾರರಿಗೆಂದು ಕಟ್ಟಿಸಿದ ಆರು ಮನೆಗಳ ಸಾಲು, ನಮ್ಮದು ನಾಲ್ಕನೆಯದು. ಮುಂದೆ ಒಂದು ಜಗಲಿ, ಒಳಗೆ ಒಂದು ನಡುಮನೆ, ಅದರ ಹಿಂದೆ, ನಡುವೆ ಕದವಿಲ್ಲದ ಅಡುಗೆಮನೆ. ಇದ್ದ ಒಂದೇ ಬಲ್ಬನ್ನು ಅಪ್ಪ ನಡುಗೋಡೆಯ ನೆತ್ತಿಗೆ ಸಿಕ್ಕಿಸಿದ್ದ, ಬೆಳಕು ಎರಡೂ ಕಡೆಗೆ ಬೀಳಲಿ ಎಂದು. ಹಾಗೆ ಮಾಡಲು ಸಾಧ್ಯವಾದದ್ದು ಏಕೆಂದರೆ ಆ ಸಾಲಿನ ಯಾವ ಗೋಡೆಯೂ ಮಾಡನ್ನು ಮುಟ್ಟುತ್ತಿರಲಿಲ್ಲ. ಆಳೆತ್ತರಕ್ಕಿಂತ ತುಸು ಮೇಲೆ ಹೋಗಿ ಎಲ್ಲವೂ ನಿಂತುಬಿಟ್ಟಿದ್ದವು, ಮೇಲೆ ಆರೂ ಮನೆಗೆ ಸೇರಿ ಒಂದೇ ಹೆಂಚಿನ ಮಾಡು. ಗೋಡೆಯಿದ್ದದ್ದು ಕಣ್ಣಿಗೆ ಮಾತ್ರ. ಕಿವಿಗೂ ಮೂಗಿಗೂ ಇರಲಿಲ್ಲ. ಮೊದಲನೆ ಮನೆಯ ಮಗು ಸೀನಿದರೆ ಆರನೆ ಮನೆಯ ಅಜ್ಜಿ "ಚಿರಂಜೀವಿ" ಅನ್ನುತ್ತಿದ್ದಳು. ಸಂಜೆ ಆರು ಒಲೆಗಳ ಮೇಲೆ ಆರು ಒಗ್ಗರಣೆ ಒಂದರ ಹಿಂದೆ ಒಂದು ಚೊಂಯ್ ಅನ್ನುತ್ತಿದ್ದವು. ಯಾರ ಮನೆಯಲ್ಲಿ ಬೆಳ್ಳುಳ್ಳಿ, ಯಾರ ಮನೆಯಲ್ಲಿ ಇಂಗು ಎಂದು ನಾನು ಪುಸ್ತಕದಿಂದ ತಲೆ ಎತ್ತದೆ ಹೇಳಬಲ್ಲವಳಾಗಿದ್ದೆ.

ಅಪ್ಪ ಆ ಮಿಲ್ಲಿನಲ್ಲಿ ಫಿಟ್ಟರು. ಕಾಯಿ ಹಿಂಡುವ ಯಂತ್ರದ ಹೊಟ್ಟೆಯೊಳಗೆ ಕೈ ಹಾಕಿ ಅದರ ಕಾಯಿಲೆ ಏನೆಂದು ಹೇಳುತ್ತಿದ್ದ. ಅವನ ಮೂಗಿನ ಮೇಲೆ ಮಿಲ್ಲಿನವರಿಗೆಲ್ಲ ಬಹಳ ಗೌರವ. ಒಂದು ಹನಿ ಎಣ್ಣೆಯನ್ನು ಅಂಗೈಯಲ್ಲಿ ತಿಕ್ಕಿ ಮೂಸಿದರೆ ಕಾಯಿ ಈ ವರ್ಷದ್ದೋ ಹೋದ ವರ್ಷದ್ದೋ, ಮಳೆಗೆ ಸಿಕ್ಕಿತ್ತೋ ಇಲ್ಲವೋ ಎಂದು ಹೇಳಿಬಿಡುತ್ತಿದ್ದ. ಹೀಗಾಗಿ ನಮ್ಮ ಮನೆಯಲ್ಲಿ ಬೇರೆ ಯಾವುದಕ್ಕೆ ಕೊರತೆಯಿದ್ದರೂ ಎಣ್ಣೆಗಿರಲಿಲ್ಲ. ತಲೆಗೆ ಎಣ್ಣೆ, ದೀಪಕ್ಕೆ ಎಣ್ಣೆ, ಕಿರುಗುಟ್ಟುವ ಬಾಗಿಲಿಗೂ ಎಣ್ಣೆ. ಅವ್ವನ ಉದ್ದ ಹಿಡಿಯ ಕಬ್ಬಿಣದ ಸೌಟು ಒಲೆಯ ಮೇಲೆ ಕಾದರೆ ಸಾಲಿನಲ್ಲೆಲ್ಲ ಅದೇ ದೊಡ್ಡ ಸದ್ದು.

ಅಂಗಡಿಗಳಿಗೆ ಅಗ್ಗದ ಪಾಮೋಲಿನ್ ಬಂದು ಕೂತ ಮೇಲೆ ಕಡಲೆಕಾಯಿ ಎಣ್ಣೆ ಕೇಳುವವರು ಕಡಿಮೆಯಾದರು. ಮಿಲ್ಲು ಮೊದಲು ವಾರಕ್ಕೆ ಮೂರು ದಿನ ಓಡಿತು, ಆಮೇಲೆ ಒಂದು ದಿನ, ಆಮೇಲೆ ನಿಂತಿತು. ನನಗೆ ಆಗ ಹನ್ನೊಂದು ವರ್ಷ, ತಮ್ಮ ಸೀನನಿಗೆ ನಾಲ್ಕು. ಮನೆ ಬಿಡಿ ಎಂದು ಮಾಲೀಕರು ಹೇಳಲಿಲ್ಲ, ಅದೊಂದು ಪುಣ್ಯ. ಅಪ್ಪ ಆ ದಿನ ಮಧ್ಯಾಹ್ನವೇ ಬಂದು ಜಗಲಿಯ ಮೇಲೆ ಕೂತ. ಅವ್ವ ಅಡುಗೆಮನೆಗೆ ಹೋಗಿ ಹಲಗೆಯ ಮೇಲಿದ್ದ ಡಬ್ಬಗಳನ್ನೆಲ್ಲ ಒಂದೊಂದಾಗಿ ಇಳಿಸಿ, ಒರೆಸಿ, ನೆಲದ ಮೇಲೆ ಸಾಲಾಗಿ ಇಟ್ಟಳು. ಆಮೇಲೆ ನಮ್ಮನ್ನೆಲ್ಲ ಕರೆದಳು.

"ಇವತ್ತಿಂದ ಈ ಮನೇಲಿ ಯಾವ್ದೂ ಮುಗುದೋಗಂಗಿಲ್ಲ," ಎಂದಳು. "ಮುಗುದೋಗಕ್ ಮುಂಚೇನೇ ನಾವೇ ಬಿಟ್ಬಿಡ್ಬೇಕು. ಬಿಟ್ವಿ ಅಂದ್ರೆ ಅದು ನಮ್ ಇಷ್ಟ. ಮುಗುದೋಯ್ತು ಅಂದ್ರೆ ದರಿದ್ರ."

ಅವ್ವ ಬಿಟ್ಟಳು ನೋಡಿ, ಹಠ ಹಿಡಿದು ಬಿಟ್ಟಳು. ಮೊದಲು ಹೋದದ್ದು ಕಾಫಿಪುಡಿ. ಅದಕ್ಕಾಗಿ ಅಪ್ಪ ಎರಡು ದಿನ ಅವಳ ಜೊತೆ ಮಾತು ಬಿಟ್ಟ. ಮೂರನೆಯ ದಿನ ಲೋಟದ ತುಂಬ ರಾಗಿ ಅಂಬಲಿ ಕುಡಿದು, ಹರಳೆಣ್ಣೆ ಕುಡಿದ ಮುಖ ಮಾಡಿ, "ಕಾಫಿಗಿಂತ ಇದೇ ವಾಸಿ ಬಿಡು" ಎಂದ. ಮೈಸೋಪನ್ನು ದಾರದಿಂದ ಕೊಯ್ದು ಎರಡು ಮಾಡಿದಳು, ಬಟ್ಟೆಗೆ ಅಂಟುವಾಳದ ಕಾಯಿ ಬಂತು. ಹಲ್ಲಿಗೆ ಇದ್ದಿಲು ಮತ್ತು ಉಪ್ಪು. ಬೆಂಕಿಪೆಟ್ಟಿಗೆಯನ್ನು ಮೇಲಿನ ಹಲಗೆಗೆ ಏರಿಸಿ, ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು ಬೆಳಗ್ಗೆ ಊದಿ ಎಬ್ಬಿಸುವುದು ನನ್ನ ಕೆಲಸವಾಯಿತು. ಅನ್ನ ಶನಿವಾರಕ್ಕೆ ಮಾತ್ರ. ಹುರುಳಿ ಬೇಯಿಸಿ, ನೀರು ಬಸಿದು ಸಾರು, ಉಳಿದ ಕಾಳು ಪಲ್ಯ; ಕಾಳಿಲ್ಲದ ದಿನ ರೈಲ್ವೆ ಹಳಿಯ ಪಕ್ಕದ ಹೊಲಗಳಲ್ಲಿ ನಾನೂ ಅವ್ವನೂ ಕುಯ್ದು ತಂದ ಬೆರಕೆ ಸೊಪ್ಪು. ನನ್ನ ನೋಟ್‌ಬುಕ್ಕಿನಲ್ಲಿ ಮೊದಲು ಪೆನ್ಸಿಲಿನಲ್ಲಿ ಬರೆದು, ಪುಸ್ತಕ ತುಂಬಿದ ಮೇಲೆ ಅದರ ಮೇಲೆಯೇ ಇಂಕಿನಲ್ಲಿ ಬರೆಯಬೇಕಿತ್ತು. ಮೇಷ್ಟರು ಒಂದು ದಿನ ಕೇಳಿದರು. "ನಾವೇ ಬಿಟ್ಟಿದ್ದು ಸಾರ್" ಎಂದೆ. ಅವರಿಗೆ ಏನು ತಿಳಿಯಿತೋ, ಮತ್ತೆ ಕೇಳಲಿಲ್ಲ.

ಅಪ್ಪನೂ ಸುಮ್ಮನೆ ಕೂರಲಿಲ್ಲ. ಸ್ಪ್ಯಾನರುಗಳ ಚೀಲ ಹೆಗಲಿಗೇರಿಸಿ ಅಜ್ಜಂಪುರದ ಕಡೆಯ ಹಳ್ಳಿಗಳಿಗೆ ಹೋಗಿ ಪಂಪ್‌ಸೆಟ್ಟು ರಿಪೇರಿ ಶುರು ಮಾಡಿದ. ಎಣ್ಣೆ ಯಂತ್ರದ ಕಾಯಿಲೆ ಬಲ್ಲವನಿಗೆ ನೀರಿನ ಯಂತ್ರ ಹೊಸದು; ಅಲ್ಲಿಯ ರೈತರು ಅವನನ್ನು ನಂಬಲು ಸಮಯ ಹಿಡಿಯಿತು. ಮಾಡಿದ ಕೆಲಸಕ್ಕೆ ಬಹಳ ಸಲ ಈರುಳ್ಳಿ ಕೊಟ್ಟು ಕಳಿಸುತ್ತಿದ್ದರು. ಆ ಚಳಿಗಾಲ ಪೂರ್ತಿ ನಮ್ಮ ಮನೆಯಲ್ಲಿ ಈರುಳ್ಳಿ ಸಾರು, ಈರುಳ್ಳಿ ಪಲ್ಯ, ಮುದ್ದೆಯ ಜೊತೆ ನೆಂಚಿಕೊಳ್ಳಲು ಹಸಿ ಈರುಳ್ಳಿ. ಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಜಾಗ ಬದಲಾಯಿಸಿಕೊಂಡಳು.

ದೀಪಾವಳಿ ಕಳೆದ ಮೇಲೆ ಯಗಟಿಯಿಂದ ಅತ್ತೆ ಬಂದಳು. ಅಪ್ಪನ ಅಕ್ಕ, ಗಂಡನಿಲ್ಲದ ಮನೆಯನ್ನೂ ಕುರಿಹಿಂಡನ್ನೂ ಇಬ್ಬರು ಗಂಡುಮಕ್ಕಳನ್ನೂ ಒಂದೇ ಕೋಲಿನಲ್ಲಿ ನಡೆಸುತ್ತಿದ್ದ ಹೆಂಗಸು. ಕೆಟ್ಟವಳಲ್ಲ, ಆದರೆ ಮಾತಿಗೆ ಮುಚ್ಚಳವಿರಲಿಲ್ಲ. ನಾನು ಅಡುಗೆಮನೆಯಲ್ಲಿ ರಾಗಿಯ ಕಲ್ಲು ಆರಿಸುತ್ತಿದ್ದೆ, ಅವಳು ನಡುಮನೆಯಲ್ಲಿ ಅಪ್ಪನಿಗೆ ಹೇಳುತ್ತಿದ್ದಳು.

"ನಿಂಗ್ ಎಲ್ಡು ಮಕ್ಕಳು. ನಂಗೆ ಹೆಣ್ಣಿಲ್ಲ. ರತ್ನಿ ನಮ್ಮನೇಲಿರ್ಲಿ ಕಣೋ. ಸ್ಕೂಲ್ಗೂ ಕಳುಸ್ತೀನಿ. ನಿಂಗೂ ಒಂದ್ ಹೊಟ್ಟೆ ಭಾರ ಕಮ್ಮಿ ಆಯ್ತದೆ."

ಅತ್ತೆಯ ಮನೆ ನನಗೆ ಗೊತ್ತಿತ್ತು. ಅವಳ ಮಕ್ಕಳು ಹಿಂಡನ್ನು ಎಮ್ಮೆದೊಡ್ಡಿಯ ಕಡೆ ಹೊಡೆದುಕೊಂಡು ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಮನೆಯಲ್ಲಿ ಉಳಿದ ಮರಿಗಳನ್ನು ನೋಡಲು ಒಬ್ಬರು ಬೇಕೇ ಬೇಕು. ಮರಿಗಳಿರುವ ಮನೆಯಲ್ಲಿ ನಾನು ಎಷ್ಟು ದಿನ ಸ್ಕೂಲಿಗೆ ಹೋದೇನು ಎಂದು ಯೋಚಿಸುತ್ತ, ಆರಿಸಿಟ್ಟ ಕಲ್ಲುಗಳನ್ನೇ ಮತ್ತೆ ರಾಗಿಗೆ ಹಾಕಿಬಿಟ್ಟೆ. ಅಷ್ಟರಲ್ಲಿ ಅವ್ವನ ದನಿ ಬಂತು.

"ಯುಗಾದಿ ಕಳೀಲಿ ಅತ್ತಿಗೆ. ಅಷ್ಟೊತ್ಗೂ ಮನೆ ನೆಟ್ಟಗಾಗ್ದಿದ್ರೆ ನೀವ್ ಹೇಳ್ದಂಗೆ."

"ಆಗ್ಲಿ. ನೆಟ್ಟಗಾಯ್ತೋ ಇಲ್ವೋ ಅಂತ ನೀನ್ ಹೇಳ್ಬೇಕಿಲ್ಲ ಬಿಡು. ಶಾರದೆ ತವರಿಗೆ ಬತ್ತಾನೇ ಇರ್ತಾಳೆ. ನಿಮ್ಮನೆ ಒಲೆ ಹೆಂಗೈತೆ ಅಂತ ಅವ್ಳೇ ಹೇಳ್ತಾಳೆ."

ಶಾರದಕ್ಕ ನಮ್ಮ ಪಕ್ಕದ ಮನೆ, ಐದನೆಯದು. ಅವಳ ಗಂಡನೂ ಅದೇ ಮಿಲ್ಲಿನವನು, ಅವಳ ತವರು ಯಗಟಿ.

ಅತ್ತೆ ಹೋದ ಮೇಲೆ ಅಪ್ಪ ಮೆಲ್ಲಗೆ, "ಅಕ್ಕ ಹೇಳೋದ್ರಲ್ಲೂ ಒಂದ್ ಅರ್ಥ ಐತೆ ಕಣೇ" ಎಂದ. ಅವ್ವ ಅವತ್ತು ಜಗಳವಾಡಿದಂತೆ ಎಂದೂ ಆಡಿರಲಿಲ್ಲ. ನಮ್ಮ ಗೋಡೆಯ ಮೇಲೆ ಒಂದು ಕಂಬಿಯ ಸ್ಟ್ಯಾಂಡು, ಅದರಲ್ಲಿ ನಾಲ್ಕು ಸ್ಟೀಲ್ ತಟ್ಟೆ, ನಾಲ್ಕರ ಅಂಚಿನ ಮೇಲೂ ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿದ ಹೆಸರು. ನನ್ನದು ಅಜ್ಜಿ ಕೊಡಿಸಿದ್ದು. ನಮ್ಮ ಮನೆತನದಲ್ಲಿ ಒಂದು ಕ್ರಮವಿತ್ತು: ಮಗುವನ್ನು ಇನ್ನೊಂದು ಮನೆಯಲ್ಲಿ ಬಿಟ್ಟರೆ ಅದರ ತಟ್ಟೆಯನ್ನೂ ಜೊತೆಗೆ ಕಳಿಸಬೇಕು. ಆ ಮನೆಯ ತಟ್ಟೆಯಲ್ಲಿ ಉಂಡರೆ ನೆಂಟರ ಮಗು, ತನ್ನ ತಟ್ಟೆ ತಂದರೆ ಆ ಮನೆಯದೇ ಮಗು. ಅವ್ವ ಆ ಸ್ಟ್ಯಾಂಡಿನ ಕೆಳಗೆ ನಿಂತು ಹೇಳಿದಳು:

"ಕಾಫಿ ಬಿಟ್ಟೆ, ಅನ್ನ ಬಿಟ್ಟೆ, ಸೋಪು ಬಿಟ್ಟೆ. ಇನ್ನೂ ಬಿಡು ಅಂದ್ರೆ ಬಿಡ್ತೀನಿ. ಇಲ್ಲಿಂದ ಒಂದ್ ತಟ್ಟೆ ಮಾತ್ರ ಇಳ್ಸಲ್ಲ. ಕೇಳುಸ್ತಾ?"

ಕೇಳಿಸಿತು, ಆರೂ ಮನೆಗೆ ಕೇಳಿಸಿತು.

ಆಮೇಲೆ ಬಿಡುವ ಸರದಿ ಎಣ್ಣೆಯದು. ಡಬ್ಬದ ತಳದಲ್ಲಿ ಉಳಿದಿದ್ದನ್ನು ಅವ್ವ ಒಂದು ಸಣ್ಣ ಸೀಸೆಗೆ ಬಸಿದು, ಬಿರಡೆ ಹಾಕಿ, ದೇವರ ಪಟದ ಹಿಂದಿಟ್ಟಳು. ಸೌಟನ್ನು ಮೊಳೆಗೆ ತೂಗುಹಾಕಿದಳು. ಅವತ್ತು ಸಂಜೆ ಸಾರು ಒಗ್ಗರಣೆಯಿಲ್ಲದೆ ಕುದಿಯಿತು. ಗೋಡೆಯ ಆಚೆಯಿಂದ ಶಾರದಕ್ಕನ ದನಿ ಬಂತು.

"ಯಾಕ್ ಗೌರಕ್ಕ, ಇವತ್ ನಿಮ್ಮನೆ ಒಗ್ಗರಣೇನೇ ಕೇಳ್ಳಿಲ್ಲ?"

ಅವ್ವ ಕೈಲಿದ್ದ ಮುದ್ದೆಕೋಲು ಹಾಗೇ ಹಿಡಿದು ನಿಂತಳು. "ಹಾಕ್ದೆ ಕಣೆ, ನೀನೆಲ್ಲೋ ಆಚೆ ಇದ್ದೆ ಅಂತ ಕಾಣ್ತದೆ" ಎಂದಳು. ಮರುದಿನ ಸಂಜೆ ಸೌಟು ಮತ್ತೆ ಒಲೆಗೆ ಬಂತು. ಅದು ಕೆಂಪಗೆ ಕಾಯುವವರೆಗೆ ಬಿಟ್ಟು, ನಾಲ್ಕು ಕಾಳು ಸಾಸಿವೆ ಉದುರಿಸಿದಳು. ಅವು ಸಿಡಿದವು. ಒಂದೆಸಳು ಕರಿಬೇವು ಹಾಕಿ, ಚಮಚದಲ್ಲಿ ನೀರು ತೆಗೆದು ಸೌಟಿನ ಮೇಲೆ ಚುಮುಕಿಸಿದಳು. ಚೊಂಯ್ ಎಂದು ಎದ್ದ ಸದ್ದಿಗೆ ನಾನೇ ಬೆಚ್ಚಿದೆ. ಹಬೆಯ ಆಚೆ ಅವ್ವ ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದಳು. ಜಗಲಿಯಿಂದ ಅಪ್ಪ ಕೂಗಿದ:

"ಒಗ್ಗರಣೆ ಘಮ್ ಅಂತೈತೆ ಕಣೇ."

ವರ್ಷಗಟ್ಟಲೆ ಎಣ್ಣೆಯಲ್ಲೇ ಉಸಿರಾಡಿದ ಮೂಗು ಅದು. ಅದನ್ನೇ ಯಾಮಾರಿಸಿದೆವು ಎಂದ ಮೇಲೆ ಶಾರದಕ್ಕ ಯಾವ ಲೆಕ್ಕ ಎಂದು ನಾನೂ ಅವ್ವನೂ ಮುಖ ಮುಖ ನೋಡಿಕೊಂಡು ನಕ್ಕೆವು. ಅಪ್ಪ ಮನೆಯಲ್ಲಿದ್ದ ಪ್ರತಿ ಸಂಜೆ ಆ ಮಾತನ್ನು ತಪ್ಪದೆ ಹೇಳುತ್ತಿದ್ದ.

ಕೆಲವೇ ದಿನಗಳಲ್ಲಿ ಆ ಕೆಲಸವನ್ನು ನಾನು ಅವ್ವನ ಕೈಯಿಂದ ಕಿತ್ತುಕೊಂಡೆ. ನೀರು ಜಾಸ್ತಿಯಾದರೆ ಸೌಟು ತಣ್ಣಗಾಗಿ ಸದ್ದು ಸತ್ತುಹೋಗುತ್ತದೆ, ಕಡಿಮೆಯಾದರೆ ಚುಂಯ್ ಎಂದು ಮುಗಿದುಬಿಡುತ್ತದೆ. ಒಂದು ಚಮಚವನ್ನು ಮೂರು ಸಲ ಹಾಕಬೇಕು. ನಾನು ಅದರಲ್ಲಿ ಪಳಗಿಬಿಟ್ಟೆ. ಆ ಸದ್ದು ಗೋಡೆ ದಾಟಿ, ಶಾರದಕ್ಕನ ಕಿವಿ ಹೊಕ್ಕು, ಬಸ್ಸು ಹತ್ತಿ ಯಗಟಿಗೆ ಹೋಗಿ ಅತ್ತೆಯ ಮುಂದೆ ನಿಲ್ಲಬೇಕು, ಅಲ್ಲಿಯವರೆಗೂ ಕೇಳಿಸುವಂತೆ ಹಾಕಬೇಕು ಎಂದು ದಿನವೂ ಹಲ್ಲು ಕಚ್ಚಿ ಹಾಕುತ್ತಿದ್ದೆ.

ಅದರ ಜೊತೆಗೆ ನನ್ನದೇ ಇನ್ನೊಂದು ಉಳಿತಾಯವಿತ್ತು, ಅದು ಅವ್ವನಿಗೂ ಗೊತ್ತಿರಲಿಲ್ಲ. ಒಂದು ಹೊಟ್ಟೆ ಭಾರ ಎಂದಿದ್ದಳಲ್ಲ ಅತ್ತೆ. ಭಾರವೇ ಇಲ್ಲದಿದ್ದರೆ ಕಳಿಸುವುದೇಕೆ? ಅವ್ವ ಬಡಿಸಿ ಆಚೆ ಹೋದ ಕೂಡಲೇ ಮುದ್ದೆಯನ್ನು ಮುರಿದು ಅರ್ಧ ಪಾತ್ರೆಗೆ ಹಿಂದಕ್ಕೆ ಇಡುತ್ತಿದ್ದೆ. ಕೇಳಿದರೆ, ಸ್ಕೂಲಿನಲ್ಲಿ ಉಪ್ಪಿಟ್ಟು ಕೊಟ್ಟರು, ಹೊಟ್ಟೆ ತುಂಬಿದೆ ಎನ್ನುತ್ತಿದ್ದೆ. ಮೊದಮೊದಲು ಬಹಳ ಕಷ್ಟವಾಯಿತು, ಆಮೇಲೆ ಒಂದು ಬಗೆಯ ಹೆಮ್ಮೆ ಬಂತು. ಅರ್ಧ ಮುದ್ದೆ ಬೆಳಗ್ಗೆ ಮಜ್ಜಿಗೆಯಲ್ಲಿ ಕಲಸಿ ಸೀನನ ಹೊಟ್ಟೆ ಸೇರುವುದನ್ನು ನೋಡಿ, ಈ ಮನೆಯನ್ನು ನಾನೇ ಸಾಕುತ್ತಿದ್ದೇನೆ ಎಂದುಕೊಳ್ಳುತ್ತಿದ್ದೆ. ಇಷ್ಟು ವರ್ಷ ತರೀಕೆರೆಯಲ್ಲಿ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಆಗಿ ಕೆಲಸ ಮಾಡಿದೆ. ಊಟದ ಹೊತ್ತಿನಲ್ಲಿ "ಸಾಕು ಮೇಡಂ" ಎಂದವಳ ಮುಖವನ್ನು ನಾನು ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದೆ. ಆ ವಯಸ್ಸಿನಲ್ಲಿ ಮುಖ ಎಷ್ಟು ಚೆನ್ನಾಗಿ ಸುಳ್ಳು ಹೇಳುತ್ತದೆ ಎಂದು ನನಗಿಂತ ಬಲ್ಲವರು ಯಾರು.

ಯುಗಾದಿ ಬಂತು. ಒಬ್ಬಟ್ಟಿನ ಬದಲು ಬೆಲ್ಲ ಕಲಸಿ ಹಬೆಯಲ್ಲಿ ಬೇಯಿಸಿದ ರಾಗಿ ಕಡುಬು. ಅಪ್ಪನಿಗೆ ಆ ಹೊತ್ತಿಗೆ ಕೆಲಸ ತುಸು ಕುದುರಿತ್ತು, ಬುಕ್ಕಾಂಬುಧಿಯ ಕಡೆಯಿಂದ ಜನ ಹುಡುಕಿಕೊಂಡು ಬರುತ್ತಿದ್ದರು. ಆದರೆ ಮನೆ ನೆಟ್ಟಗಾಯಿತು ಎಂದು ಯಾರೂ ಧೈರ್ಯವಾಗಿ ಹೇಳುವಂತಿರಲಿಲ್ಲ. ಹಬ್ಬ ಕಳೆದ ಮೂರನೆಯ ದಿನ ಬೆಳಗ್ಗೆ ಅಪ್ಪ ಹೊರಡುವಾಗ ನನ್ನ ತಲೆಯ ಮೇಲೆ ಕೈಯಿಟ್ಟು, ಮುಖ ನೋಡದೆ, "ಸಂಜೆ ಬತ್ತೀನಿ" ಎಂದು ಹೋದ. ಅತ್ತೆ ಅವತ್ತು ಬರುವಳೆಂದು ಅವನಿಗೆ ಗೊತ್ತಿತ್ತು.

ಹನ್ನೊಂದರ ಹೊತ್ತಿಗೆ ಅವಳು ಬಂದಳು. ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಓಣಿಯಲ್ಲಿ ಅವಳ ದನಿ ಕೇಳಿ ಇಣುಕಿದೆ. ಕಂಕುಳಲ್ಲಿ ಮಡಿಸಿದ ಖಾಲಿ ಚೀಲವಿತ್ತು. ಅದನ್ನು ನೋಡಿದ್ದೇ ನನಗೆ ಬೇರೇನೂ ಕಾಣಲಿಲ್ಲ. ಅವ್ವ ಕಾಲಿಗೆ ನೀರು ಕೊಡಲು ಮುಂಬಾಗಿಲಿಗೆ ಓಡಿದ್ದಳು. ನಾನು ಅಡುಗೆಮನೆಗೆ ನುಗ್ಗಿದೆ. ಒಲೆಯ ಮೇಲೆ ಸೌಟು ಆಗಲೇ ಕಾಯುತ್ತಿತ್ತು. ಒಳ್ಳೆಯದೇ ಆಯಿತು, ಅತ್ತೆ ಹೊಸಿಲು ದಾಟುವಾಗಲೇ ಕೇಳಲಿ ಎಂದುಕೊಂಡೆ. ದೇವರ ಪಟದ ಹಿಂದಿನ ಸೀಸೆಯನ್ನು ಅವ್ವ ಇಳಿಸಿದ್ದಾಳೆ, ಇವತ್ತೊಂದು ದಿನ ನಿಜವಾದ ಒಗ್ಗರಣೆ ಹಾಕಲು ಪೂರ್ತಿ ಬಗ್ಗಿಸಿ ಹೋಗಿದ್ದಾಳೆ ಎಂದು ನನಗೇನು ಗೊತ್ತು. ಹೊಗೆಯಲ್ಲಿ ಸೌಟಿನೊಳಗೆ ನೋಡಲೂ ಇಲ್ಲ. ಸಾಸಿವೆ ಹಾಕಿದೆ, ತುಂಬಿದ ಚಮಚ ನೀರನ್ನು ಒಂದೇ ಸಲಕ್ಕೆ ಹುಯ್ದೆ.

ಬೆಂಕಿ ಗೋಡೆಗಿಂತ ಮೇಲೆ ಎದ್ದಿತು. ಸೌಟು ಮಗುಚಿ ಎಣ್ಣೆಯೆಲ್ಲ ಒಲೆಗೆ ಬಿತ್ತು. ಸ್ವಲ್ಪ ನನ್ನ ಮಣಿಕಟ್ಟಿಗೆ. ನಾನು ಕೂಗಿದ್ದು ನೆನಪಿಲ್ಲ, ಅತ್ತೆ ನನ್ನನ್ನು ರಟ್ಟೆ ಹಿಡಿದು ಹಿಂದಕ್ಕೆ ಎಳೆದದ್ದು ನೆನಪಿದೆ.

"ಕಾದ ಎಣ್ಣೆಗೆ ಯಾರಾದ್ರೂ ನೀರ್ ಹುಯ್ತಾರೇನೇ ಮೂದೇವಿ?"

"ದಿನಾ ನೀರೇ ಅಲ್ವಾ ಅತ್ತೆ ಹುಯ್ಯೋದು?" ಎಂದುಬಿಟ್ಟೆ.

ಅತ್ತೆ ನನ್ನನ್ನೂ ಅವ್ವನನ್ನೂ ನೋಡಿದಳು. ಅವ್ವನ ಮುಖ ಬಿಳಚಿಹೋಗಿತ್ತು. ಅಷ್ಟರಲ್ಲಿ ಶಾರದಕ್ಕ ಹಿತ್ತಲ ಬಾಗಿಲಿಂದ ಲೋಳೆಸರದ ಪಟ್ಟೆ ಹಿಡಿದು ಬಂದಳು. ಸುಟ್ಟ ವಾಸನೆ ಅವಳಿಗೂ ಮುಟ್ಟಿತ್ತು, ನನ್ನ ಮಾತೂ ಮುಟ್ಟಿತ್ತು. ಪಟ್ಟೆಯನ್ನು ಸೀಳುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದಳು:

"ನಮ್ಮನೇಲೂ ನೀರೇ ಕಣ್ ಗೌರಕ್ಕ. ದೀಪಾವಳಿಯಿಂದ."

"ಮತ್ತೆ 'ಒಗ್ಗರಣೆ ಕೇಳ್ಳಿಲ್ಲ' ಅಂತ ಅವತ್ ಯಾಕ್ ಕೇಳ್ದೆ?"

"ನಿಮ್ಮನೇಲೂ ಇಲ್ಲ ಅಂದ್ರೆ ನಂಗೊಂದ್ ಧೈರ್ಯ ಬತ್ತಿತ್ತು. ನೀನು ಹಾಕ್ದೆ ಅಂದೆ. ನಾನೂ ನೀರ್ ಹಾಕೋದ್ ಬಿಡ್ಲಿಲ್ಲ."

ಅತ್ತೆ ಲೋಳೆಸರವನ್ನು ಅವಳ ಕೈಯಿಂದ ತೆಗೆದುಕೊಂಡು ನನ್ನನ್ನು ಕೂರಿಸಿಕೊಂಡಳು. ಗಾಯಕ್ಕೆ ತಾಗದಿರಲಿ ಎಂದು ಬಳೆಗಳನ್ನು ಮೇಲಕ್ಕೆ ಸರಿಸಿದಳು. ಗೌರಿ ಹಬ್ಬಕ್ಕೆ ಅಳತೆ ನೋಡಿ ತೊಡಿಸಿದ ಹಸಿರು ಗಾಜಿನ ಬಳೆ. ಅವು ಎಲ್ಲಿಯೂ ನಿಲ್ಲದೆ ಮೊಳಕೈವರೆಗೆ ಹೋದವು, ಅದನ್ನೂ ದಾಟಿದವು. ಅತ್ತೆ ಮತ್ತೊಮ್ಮೆ ಕೆಳಕ್ಕೆ ತಂದು ಮತ್ತೊಮ್ಮೆ ಸರಿಸಿ ನೋಡಿದಳು.

"ಇದೇನೇ ಗೌರಿ? ಕೂಸಿನ್ ಬಳೆ ತೋಳಿಗ್ ಹೋಯ್ತವಲ್ಲೇ. ಸೀನ ಗುಂಡಗವನೆ, ಇವ್ಳಿಗೇನಾಯ್ತು?"

ಅವ್ವ ಬಂದು ನನ್ನ ಕೈ ಹಿಡಿದು ನೋಡಿದಳು. ದಿನವೂ ನನ್ನ ತಲೆ ಬಾಚುವಾಗ ಅವಳ ಕಣ್ಣೆದುರಿಗೇ ಇದ್ದ ಕೈ ಅದು. "ಸ್ಕೂಲಲ್ಲಿ ಉಪ್ಪಿಟ್ ತಿಂತೀನಿ ಅಂತಿದ್ದಲ್ಲೇ" ಎಂದಳು. ನಾನು ತಲೆ ತಗ್ಗಿಸಿದೆ. ಅವ್ವ ಅಲ್ಲೇ ಒಲೆಯ ಪಕ್ಕ ಕುಸಿದು ಕೂತಳು. ಅವಳು ಅಳುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಎಷ್ಟು ನಾಚಿಕೆಯಾಯಿತೆಂದರೆ ಸುಟ್ಟ ಕೈಯ ಉರಿಯೂ ಮರೆತುಹೋಯಿತು.

ಅತ್ತೆ ಎದ್ದು ಹೋಗಿ ಸ್ಟ್ಯಾಂಡಿನಿಂದ ನನ್ನ ತಟ್ಟೆ ತೆಗೆದು ಚೀಲಕ್ಕೆ ಹಾಕಿದಳು. "ಬಟ್ಟೆ ತಗಂಡ್ ಬಾ ಮಗಾ," ಎಂದಳು. "ಎಣ್ಣೆ ಇಲ್ದಂಗೆ ನಾನು ಅರ್ಧ ಆಯಸ್ಸು ಉಂಡಿವ್ನಿ, ಅದ್ಕೇನ್ ನಾಚ್ಕೆ? ಹೊಟ್ಟೇಗ್ ಇಲ್ದಂಗೆ ಮಾಡ್ಕಂಡ್ರೆ ಮಾತ್ರ ನಾನ್ ಸುಮ್ಕಿರಾಕಿಲ್ಲ."

ಅವ್ವ ಈಗ ಎದ್ದು ತಟ್ಟೆ ಕಿತ್ತುಕೊಳ್ಳುತ್ತಾಳೆ ಎಂದು ಕಾದೆ. ಅವಳು ಏಳಲಿಲ್ಲ. ಏಳುವ ಹಕ್ಕು ಹೋಯಿತು ಎಂದುಕೊಂಡವಳಂತೆ ಕೂತೇ ಇದ್ದಳು. ಆಗ ನಾನೇ ಹೇಳಬೇಕಾಯಿತು.

"ಅವ್ವ ಬಡಿಸ್ತಿದ್ಲು ಅತ್ತೆ. ನಾನೇ ತಿಂತಿರ್ಲಿಲ್ಲ. ತಿಂದ್ರೆ ಭಾರ ಅಂತ ನೀನ್ ಕರ್ಕೊಂಡ್ ಹೋಗ್ತೀಯಲ್ಲ, ಅದ್ಕೆ."

ಅತ್ತೆಯ ಬಾಯಿ ಆ ಮನೆಯಲ್ಲಿ ಮೊದಲ ಸಲ ಮುಚ್ಚಿತು. ಚೀಲ ಕೆಳಗಿಟ್ಟು, ಸೆರಗು ಸಿಕ್ಕಿಸಿ, ಅವ್ವನನ್ನು ಪಕ್ಕಕ್ಕೆ ಸರಿಸಿ, ತಾನೇ ಒಲೆಯ ಮುಂದೆ ಕೂತು ಎಸರಿಟ್ಟಳು. ಮುದ್ದೆ ಕಟ್ಟಿದಳು. ಯಗಟಿಯ ಮುದ್ದೆ, ದಿನವಿಡೀ ಕುರಿಯ ಹಿಂದೆ ನಡೆಯುವವರಿಗೆ ಕಟ್ಟುವ ಗಾತ್ರ. ಚೀಲದಿಂದ ನನ್ನ ತಟ್ಟೆ ಹೊರತೆಗೆದು, ಅದರ ನಡುವೆ ಇಟ್ಟು, ಸುತ್ತ ಹುರುಳಿ ಸಾರು ಬಿಟ್ಟಳು.

"ಇದ್ನ ಪೂರ್ತಿ ಉಂಡ್ರೆ ಬಿಟ್ಟೋಯ್ತೀನಿ. ಒಂದ್ ತುತ್ತು ಉಳ್ದ್ರೂ ಕರ್ಕಂಡೋಯ್ತೀನಿ."

"ಕೈ ಸುಟ್ಟೈತೆ ಅತ್ತಿಗೆ, ನಾನ್ ತಿನ್ನುಸ್ತೀನಿ," ಎಂದಳು ಅವ್ವ.

"ನೀನ್ ಮುಟ್ಬ್ಯಾಡ. ಇಲ್ಲಿರ್ಬೇಕು ಅನ್ನೋಳು ಅವ್ಳು. ಅವ್ಳೇ ಉಣ್ಲಿ."

ಎಡಗೈಯಲ್ಲಿ ಉಣ್ಣುವ ಮಾತೇ ಇಲ್ಲ. ಬಲಗೈಯ ಬೆರಳುಗಳೇನೋ ಚೆನ್ನಾಗಿದ್ದವು, ಆದರೆ ತುತ್ತು ಮುರಿಯಲು ಮಣಿಕಟ್ಟು ಬಗ್ಗಿದಾಗಲೆಲ್ಲ ಲೋಳೆಸರದ ಕೆಳಗೆ ಚರ್ಮ ಎಳೆಯುತ್ತಿತ್ತು. ಮುದ್ದೆ ಬಿಸಿ. ನಾಲ್ಕು ತಿಂಗಳು ಅರ್ಧಕ್ಕೆ ಒಗ್ಗಿಹೋಗಿದ್ದ ಹೊಟ್ಟೆ ಅರ್ಧಕ್ಕೇ ಸಾಕು ಎಂದಿತು. ನಾನು ಅದರ ಮಾತು ಕೇಳಲಿಲ್ಲ. ತುತ್ತು ಮುರಿದೆ, ಸಾರಿನಲ್ಲಿ ಹೊರಳಿಸಿದೆ, ನುಂಗಿದೆ. ಸೀನ ಎದುರಿಗೆ ಕೂತು ನಾನು ನುಂಗಿದಾಗಲೆಲ್ಲ ತಾನೂ ನುಂಗುತ್ತಿದ್ದ. ಶಾರದಕ್ಕ ಬಾಗಿಲಲ್ಲೇ ನಿಂತಿದ್ದಳು. ಕೊನೆಯ ತುತ್ತು ಮುಗಿಸಿ, ಬೆರಳಿನಿಂದ ಸಾರು ಬಳಿದು ನೆಕ್ಕಿ, ತಟ್ಟೆ ಎತ್ತಿ ತೋರಿಸಿದೆ. ಅತ್ತೆ ಇನ್ನೊಂದು ಚೂರು ಮುದ್ದೆ ಇಟ್ಟಳು. ಅದನ್ನೂ ಉಂಡೆ.

ಅತ್ತೆ ತಟ್ಟೆಯನ್ನು ಹಿತ್ತಲಿಗೆ ಒಯ್ದು ತಾನೇ ತೊಳೆದು, ಸೆರಗಿನಲ್ಲಿ ಒರೆಸಿ, ಸ್ಟ್ಯಾಂಡಿಗೆ ಸಿಕ್ಕಿಸಿದಳು. ಖಾಲಿ ಚೀಲವನ್ನು ಮಡಿಸಿ ಕಂಕುಳಿಗೆ ಇಟ್ಟುಕೊಂಡಳು. ಹೊಸಿಲಲ್ಲಿ ಅವ್ವನ ಭುಜ ಹಿಡಿದು ಏನೋ ಹೇಳಿದಳು. ಆ ಮಾತೊಂದು ಮಾತ್ರ ನನಗೆ ಕೇಳಿಸಲಿಲ್ಲ. ಅವ್ವನನ್ನು ಎಷ್ಟು ಸಲ ಕೇಳಿದ್ದೇನೆ, ಇವತ್ತಿಗೂ ಹೇಳಿಲ್ಲ. ಆದರೆ ಅಂದಿನಿಂದ ನಾನು ಉಂಡು ಏಳುವವರೆಗೆ ಅವಳು ನನ್ನ ಎದುರಿನಿಂದ ಎದ್ದದ್ದಿಲ್ಲ.

ಆ ಸಂಜೆ ಯಾರೂ ಸೌಟು ಕಾಯಿಸಲಿಲ್ಲ. ನಮ್ಮ ಮನೆ ಸುಮ್ಮನಿತ್ತು, ಶಾರದಕ್ಕನ ಮನೆ ಸುಮ್ಮನಿತ್ತು. ಅದನ್ನು ಕೇಳಿಯೋ ಏನೋ, ಆಚೆ ಮನೆಗಳಲ್ಲೂ ಒಂದೊಂದಾಗಿ ಸದ್ದು ನಿಂತಿತು. ಆ ಸಾಲಿನಲ್ಲಿ ಎಷ್ಟು ಮನೆ ನೀರಿನಲ್ಲಿ ನಡೆಯುತ್ತಿದ್ದವು ಎಂದು ಅವತ್ತು ಗೊತ್ತಾಯಿತು. ಅಪ್ಪ ಬರುವುದು ತಡವಾಯಿತು. ಬಸ್‌ಸ್ಟ್ಯಾಂಡಿನಿಂದ ನಮ್ಮ ಮನೆಗೆ ಇದ್ದ ದಾರಿಯನ್ನು ಎಷ್ಟು ನಿಧಾನವಾಗಿ ನಡೆದನೋ. ಒಳಗೆ ಬರದೆ ಜಗಲಿಯ ಕೆಳಗೆ ಕಾಲು ತೊಳೆಯುತ್ತಲೇ ನಿಂತ. ತೊಳೆದ ಕಾಲನ್ನೇ ಮತ್ತೆ ತೊಳೆದ. ರತ್ನಿ ಎಲ್ಲಿ ಎಂದು ಕೇಳಲಿಲ್ಲ. ನಾನು ಕೈಗೆ ಬಟ್ಟೆ ಸುತ್ತಿಕೊಂಡು ನಡುಗೋಡೆಯ ಹಿಂದೆ ಕೂತಿದ್ದೆ, ಅದರ ಅಂಚಿನಿಂದ ಇಣುಕಿದರೆ ಅವನು ನನಗೆ ಕಾಣುತ್ತಿದ್ದ, ನಾನು ಅವನಿಗೆ ಕಾಣುತ್ತಿರಲಿಲ್ಲ.

ಅವ್ವ ನಡುಮನೆಗೆ ಬಂದು ಸ್ಟ್ಯಾಂಡಿನಿಂದ ತಟ್ಟೆಗಳನ್ನು ಇಳಿಸಿ ನೆಲದ ಮೇಲೆ ಒಂದೊಂದಾಗಿ ಇಟ್ಟಳು, ಎಂದಿಗಿಂತ ಸ್ವಲ್ಪ ಜೋರಾಗಿಯೇ. ಅಪ್ಪನದು. ತನ್ನದು. ಸೀನನದು. ಆಮೇಲೆ ನನ್ನದು.

ಅಪ್ಪ ಹೊಸಿಲಲ್ಲಿ ನಿಂತು ನಾಲ್ಕನೆಯ ತಟ್ಟೆಯನ್ನೇ ನೋಡಿದ. ಒಳಗೆ ಬಂದು ತನ್ನ ಜಾಗದಲ್ಲಿ ಕೂತು, ತಣ್ಣಗೆ ಮೊಳೆಗೆ ನೇತಾಡುತ್ತಿದ್ದ ಸೌಟಿನ ಕಡೆ ನೋಡಿದ, ಅವ್ವನ ಕಡೆ ನೋಡಿದ.

"ಒಗ್ಗರಣೆ ಘಮ್ ಅಂತೈತೆ ಕಣೇ," ಎಂದ.